ದಿನಾ ರೈಲಲ್ಲಿ ಓಡಾಡೋರು ಗೇಮಿಂಗ್ ಲ್ಯಾಪ್‌ಟಾಪ್ ತಗೋಬೇಕಾ, ಹಗುರವಾದದ್ದು ತಗೋಬೇಕಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ, ಮನೆ ತುಮಕೂರು, ಕಾಲೇಜು ಬೆಂಗಳೂರು, ದಿನಾ ಯಶವಂತಪುರದವರೆಗೆ ರೈಲು, ಅಲ್ಲಿಂದ ಬಸ್ಸು. ಅಪ್ಪ 80 ಸಾವಿರದವರೆಗೆ ಕೊಡುತ್ತಾರೆ. ರಾತ್ರಿ ಹೊತ್ತು ವ್ಯಾಲರಂಟ್, ಜಿಟಿಎ ಫೈವ್ ಆಡುತ್ತೀರಿ. ಗೆಳೆಯರೆಲ್ಲ ಗೇಮಿಂಗ್ ಲ್ಯಾಪ್‌ಟಾಪೇ ತಗೋ ಅನ್ನುತ್ತಿದ್ದಾರೆ.

ಹಗುರವಾದದ್ದನ್ನೇ ತಗೊಳ್ಳಿ. ನೀವು ಹಾಸ್ಟೆಲ್‌ನಲ್ಲಿ ಇರುವವರಾಗಿದ್ದರೆ ನಾನು ಇಷ್ಟು ಬೇಗ ಹೇಳುತ್ತಿರಲಿಲ್ಲ. ಆದರೆ ಬೆಳಗ್ಗಿನ ಆ ರೈಲಲ್ಲಿ ಸೀಟು ಸಿಗುವುದು ಎಷ್ಟು ದಿನ ಅಂತ ನಿಮಗೇ ಗೊತ್ತು, ಅಲ್ವಾ? ದಾಬಸ್‌ಪೇಟೆ ದಾಟುವ ಹೊತ್ತಿಗೆ ಬಾಗಿಲವರೆಗೂ ಜನ. ಅಲ್ಲಿ ಬ್ಯಾಗನ್ನು ಎದೆಗೆ ಹಾಕಿಕೊಂಡು ನಿಲ್ಲಬೇಕು.

ನನ್ನ ಕತೆ ಹೇಳುತ್ತೇನೆ, ಯಾಕೆಂದರೆ ನೀವು ಈಗ ಇರುವ ಜಾಗದಲ್ಲೇ ನಾನು 2021ರಲ್ಲಿ ಇದ್ದೆ. ಊರು ಸಾಗರದ ಹತ್ತಿರ, ಕಾಲೇಜು ಬೆಂಗಳೂರು, ಪಿಜಿಯಿಂದ ಕಾಲೇಜಿಗೆ ಎರಡು ಬಸ್ಸು. ಆರ್‌ಟಿಎಕ್ಸ್ 3050 ಅನ್ನುವ ಗ್ರಾಫಿಕ್ಸ್ ಕಾರ್ಡ್ (ಗೇಮಿನ ಚಿತ್ರ ಮೂಡಿಸುವ ಚಿಪ್ಪು) ಇರುವ ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡೆ. ತೂಕದ ಬಗ್ಗೆ ಯೋಚನೆಯೇ ಮಾಡಲಿಲ್ಲ. ಡಬ್ಬಿಯ ಮೇಲೆ 2.3 ಕಿಲೋ ಅಂತ ಬರೆದಿದ್ದರು, ಎರಡೂಕಾಲು ಕಿಲೋ ಏನು ಮಹಾ ಅನಿಸಿತ್ತು. ದಸರಾ ರಜೆಗೆ ಊರಿಗೆ ಹೋದಾಗ ಅಡಿಕೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಟ್ಟು ನೋಡಿದೆ. ಲ್ಯಾಪ್‌ಟಾಪ್ ಬರೆದಷ್ಟೇ ಇತ್ತು. ಚಾರ್ಜರ್ ವೈರು ಸಮೇತ 650 ಗ್ರಾಂ! ಎರಡೂ ಸೇರಿ ಮೂರು ಕಿಲೋಗೆ ಬರೀ 50 ಗ್ರಾಂ ಕಡಿಮೆ. ಇದಕ್ಕೆ ರೆಕಾರ್ಡ್ ಬುಕ್ಕು, ಊಟದ ಡಬ್ಬಿ, ಒಂದು ಲೀಟರ್ ನೀರು ಸೇರಿಸಿ. ಎರಡನೇ ಸೆಮಿಸ್ಟರ್ ಬರುವಷ್ಟರಲ್ಲಿ ಚಾರ್ಜರನ್ನು ರೂಮಲ್ಲೇ ಬಿಟ್ಟು ಹೋಗುವ ಅಭ್ಯಾಸ ಆಯಿತು. ಮೂರನೇ ಸೆಮಿಸ್ಟರ್‌ಗೆ ಲ್ಯಾಪ್‌ಟಾಪನ್ನೂ ಬಿಟ್ಟು ಹೋಗಲು ಶುರು ಮಾಡಿದೆ. ಲ್ಯಾಬಿನ ಹಳೇ ಕಂಪ್ಯೂಟರಿನಲ್ಲಿ ಕೋಡ್ ಬರೆದು, ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದು ರಾತ್ರಿ ಮತ್ತೆ ತೆರೆಯುತ್ತಿದ್ದೆ.

ಚಾರ್ಜರ್ ಬಿಟ್ಟು ಹೋಗುವ ಅಭ್ಯಾಸ ಕೊನೇ ವರ್ಷದಲ್ಲಿ ಸರಿಯಾಗಿ ಕೈಕೊಟ್ಟಿತು. ಒಂದು ಕಂಪನಿಯ ಪ್ಲೇಸ್‌ಮೆಂಟ್ ಕೋಡಿಂಗ್ ಟೆಸ್ಟು, ಸೆಮಿನಾರ್ ಹಾಲಿನಲ್ಲಿ, ಅವರವರ ಲ್ಯಾಪ್‌ಟಾಪಿನಲ್ಲೇ ಬರೆಯಬೇಕು. ಎರಡು ಗಂಟೆ ಅಂದಿದ್ದರು, ನೆಟ್‌ವರ್ಕ್ ಸರಿ ಮಾಡುವುದರಲ್ಲೇ ಮುಕ್ಕಾಲು ಗಂಟೆ ಹೋಯಿತು. ಎರಡನೇ ಪ್ರಾಬ್ಲಂ ಅರ್ಧ ಆಗಿತ್ತು, ಮೂಲೆಯಲ್ಲಿ ಬ್ಯಾಟರಿ 9 ಅಂತ ಕೆಂಪಾಯಿತು. ಸ್ಕ್ರೀನ್ ಬೆಳಕು ಪೂರ್ತಿ ಇಳಿಸಿ, ಅಕ್ಷರ ಕಾಣದೆ ಮುಖ ಹತ್ತಿರ ತಂದು ಟೈಪ್ ಮಾಡಿದೆ. ಪಕ್ಕದವಳ ಹತ್ತಿರ ಟೈಪ್-ಸಿ ಚಾರ್ಜರ್ ಇತ್ತು, ಕೊಟ್ಟಳು ಕೂಡ. ನನ್ನದಕ್ಕೆ ಅದು ಆಗುವುದೇ ಇಲ್ಲ, ದಪ್ಪ ಪಿನ್ನಿನ ಅದರದ್ದೇ ಚಾರ್ಜರ್ ಬೇಕು. ಸಬ್ಮಿಟ್ ಒತ್ತುವ ಮೊದಲೇ ಸ್ಕ್ರೀನ್ ಕಪ್ಪಾಯಿತು. ಆ ಹಾಲಿನ ಚಾರ್ಜಿಂಗ್ ಪಾಯಿಂಟುಗಳೆಲ್ಲ ಗೋಡೆ ಪಕ್ಕ ಕೂತವರ ಹತ್ತಿರ ಇದ್ದವು, ನಾನು ನಡುವೆ ಕೂತಿದ್ದೆ. ಈಗಲೂ ಯಾವುದೇ ಹಾಲಿಗೆ ಹೋದರೆ ಮೊದಲು ಪ್ಲಗ್ಗು ಎಲ್ಲಿದೆ ಅಂತ ನೋಡುತ್ತೇನೆ.

ನಿಮ್ಮ ಗೆಳೆಯರು ಈ ಲೆಕ್ಕ ಹೇಳಿರಲಿಕ್ಕಿಲ್ಲ. ಗೇಮ್ ಆಡುವಾಗ ಇಂಥ ಲ್ಯಾಪ್‌ಟಾಪು ನೂರೈವತ್ತು ವಾಟ್ ಹತ್ತಿರ ಎಳೆಯುತ್ತದೆ, ಅಂದರೆ ಮನೆಯ ಎರಡು ಸೀಲಿಂಗ್ ಫ್ಯಾನ್ ಎಳೆಯುವಷ್ಟು. ಬ್ಯಾಟರಿ ಇರುವುದು 50-60 ವಾಟ್ ಅವರ್, ಅಂದರೆ 50-60 ವಾಟನ್ನು ಒಂದು ಗಂಟೆ ಕೊಡುವಷ್ಟು ಅಂತ ಇಟ್ಟುಕೊಳ್ಳಿ. ಪೂರ್ತಿ ಶಕ್ತಿಯಲ್ಲಿ ಓಡಿದರೆ ಅರ್ಧ ಗಂಟೆ ಬರುವುದೂ ಕಷ್ಟ. ಅದೂ ಅಲ್ಲದೆ ಅಷ್ಟು ಕರೆಂಟನ್ನು ಒಂದೇ ಸಲಕ್ಕೆ ಕೊಡಲು ಆ ಬ್ಯಾಟರಿಗೆ ಆಗುವುದಿಲ್ಲ, ಅದಕ್ಕೇ ಚಾರ್ಜರ್ ತೆಗೆದ ಕೂಡಲೇ ಗ್ರಾಫಿಕ್ಸ್ ತನ್ನ ವೇಗ ಇಳಿಸಿಕೊಳ್ಳುತ್ತದೆ. ಗೋಡೆಗೆ ಸಿಕ್ಕಿಸಿದಾಗ ಮಾತ್ರ ಅದು ಗೇಮಿಂಗ್ ಲ್ಯಾಪ್‌ಟಾಪು. ಹಾಗಾಗಿ ರೈಲಲ್ಲಿ, ಕ್ಲಾಸಲ್ಲಿ, ಕ್ಯಾಂಟೀನಲ್ಲಿ ನೀವು ಹೊರುವುದು ತೂಕವನ್ನು ಮಾತ್ರ. ಆ ಶಕ್ತಿ ನಿಮಗೆ ಸಿಗುವುದು ರಾತ್ರಿ ತುಮಕೂರಿನ ಮನೆಯಲ್ಲಿ, ಟೇಬಲ್ ಮುಂದೆ.

ಇನ್ನೊಂದು ಮೋಸ ಹೆಸರಿನಲ್ಲೇ ಇದೆ. ಆರ್‌ಟಿಎಕ್ಸ್ 4060 ಅಂತ ಸ್ಟಿಕ್ಕರ್ ಇದ್ದರೆ ಎಲ್ಲವೂ ಒಂದೇ ಅಂದುಕೊಳ್ಳಬೇಡಿ. ಲ್ಯಾಪ್‌ಟಾಪಿನ 4060ಗೆ 35 ವಾಟಿನಿಂದ 115 ವಾಟಿನವರೆಗೆ ಎಷ್ಟು ಬೇಕಾದರೂ ಕೊಡಬಹುದು, ಅದು ತಯಾರಕರಿಗೆ ಬಿಟ್ಟದ್ದು. ಕಡಿಮೆ ವಾಟ್ ಕೊಟ್ಟ 4060ಗಿಂತ ಜಾಸ್ತಿ ವಾಟ್ ಕೊಟ್ಟ 4050 ಕೆಲವು ಗೇಮಿನಲ್ಲಿ ಚೆನ್ನಾಗಿ ಓಡಬಹುದು. ಸ್ಪೆಸಿಫಿಕೇಶನ್‌ನಲ್ಲಿ ಟಿಜಿಪಿ (TGP, ಗ್ರಾಫಿಕ್ಸಿಗೆ ಕೊಡುವ ವಾಟ್) ಅಂತ ಹುಡುಕಿ. ಬರೆದಿರದಿದ್ದರೆ ಅಂಗಡಿಯವರನ್ನು ಕೇಳಿ, ಅವರಿಗೂ ಗೊತ್ತಿಲ್ಲದಿದ್ದರೆ ಆ ಮಾಡೆಲ್ ಬಿಡಿ.

ಮತ್ತೆ 80 ಸಾವಿರದ ಆಸುಪಾಸಿನಲ್ಲಿ ಗೇಮಿಂಗ್ ಕಡೆ ಹೋದರೆ ದುಡ್ಡಿನ ದೊಡ್ಡ ಪಾಲು ಗ್ರಾಫಿಕ್ಸಿಗೇ ಹೋಗುತ್ತದೆ. ಉಳಿದದ್ದರಲ್ಲಿ ಕೈ ಬಿಗಿ ಮಾಡುತ್ತಾರೆ. ಮೊದಲು ಹೊಡೆತ ಬೀಳುವುದು ಸ್ಕ್ರೀನಿಗೆ: 144 ಹರ್ಟ್ಸ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಅನ್ನುವ ಲೆಕ್ಕ) ಅಂತ ದಪ್ಪಕ್ಷರದಲ್ಲಿ ಇರುತ್ತದೆ, ಕೆಳಗೆ ಸಣ್ಣಕ್ಷರದಲ್ಲಿ 45% ಎನ್‌ಟಿಎಸ್‌ಸಿ, 250 ನಿಟ್ಸ್. ಅಂದರೆ ಮಂಕು ಬಣ್ಣ, ಕಡಿಮೆ ಬೆಳಕು, ಕಿಟಕಿ ಪಕ್ಕ ಕೂತರೆ ನಿಮ್ಮ ಮುಖವೇ ಕಾಣುತ್ತದೆ. ದಿನಕ್ಕೆ ಏಳೆಂಟು ಗಂಟೆ ಕಣ್ಣಿಡುವ ಜಾಗ ಅದು. ನನ್ನ ಹಳೇ ಲ್ಯಾಪ್‌ಟಾಪಿನದ್ದೂ ಇದೇ ಸ್ಕ್ರೀನು. ಆಮೇಲೆ ಬಣ್ಣಗಳನ್ನು ಚೆನ್ನಾಗಿ ತೋರಿಸುವ 100% ಎಸ್‌ಆರ್‌ಜಿಬಿ ಸ್ಕ್ರೀನಿಗೆ ಬಂದಾಗ ಊರಿನ ತೋಟದ ಫೋಟೋಗಳಲ್ಲಿ ಇಷ್ಟು ಹಸಿರಿತ್ತಾ ಅಂತ ಆಶ್ಚರ್ಯ ಆಯಿತು.

ಈಗ ನಿಮ್ಮ ಗೇಮಿನ ವಿಷಯ. ವ್ಯಾಲರಂಟ್ ಹಗುರವಾದ ಗೇಮು, ಬೇರೆ ಗ್ರಾಫಿಕ್ಸ್ ಕಾರ್ಡೇ ಬೇಕಾಗಿಲ್ಲ. ಈಗಿನ ಪ್ರೊಸೆಸರ್‌ಗಳ ಒಳಗೇ ಇರುವ ಗ್ರಾಫಿಕ್ಸ್ ನಾಲ್ಕೈದು ವರ್ಷದ ಹಿಂದಿನ ಹಾಗಿಲ್ಲ. ರೈಜೆನ್ 7840ಎಚ್‌ಎಸ್, 8840ಎಚ್‌ಎಸ್‌ನಲ್ಲಿ ಬರುವ ರೇಡಿಯಾನ್ 780ಎಂ ಅಥವಾ ಇಂಟೆಲ್ ಕೋರ್ ಅಲ್ಟ್ರಾ ಎಚ್ ಸರಣಿಯಲ್ಲಿ ಬರುವ ಆರ್ಕ್ ಗ್ರಾಫಿಕ್ಸ್ ಇದ್ದರೆ ವ್ಯಾಲರಂಟ್ ಆರಾಮಾಗಿ ಓಡುತ್ತದೆ, ಜಿಟಿಎ ಫೈವ್ ಕೂಡ ಸೆಟ್ಟಿಂಗ್ ಸ್ವಲ್ಪ ಇಳಿಸಿದರೆ ಚೆನ್ನಾಗಿಯೇ ಆಡಬಹುದು. ಒಂದೇ ಒಂದು ಷರತ್ತು: ರ‍್ಯಾಮ್ ಡ್ಯುಯಲ್ ಚಾನೆಲ್ ಇರಬೇಕು, ಅಂದರೆ ಎರಡು ದಾರಿಯಲ್ಲಿ ಒಟ್ಟಿಗೆ ಕೆಲಸ ಮಾಡಬೇಕು. ಈ ಗ್ರಾಫಿಕ್ಸಿಗೆ ತನ್ನದೇ ಮೆಮೊರಿ ಇಲ್ಲ, ಲ್ಯಾಪ್‌ಟಾಪಿನ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ, ಒಂದೇ ಸ್ಟಿಕ್ ಹಾಕಿ ಕೊಟ್ಟಿದ್ದರೆ ಉಸಿರು ಕಟ್ಟಿದ ಹಾಗೆ ಆಗುತ್ತದೆ. ಸೈಬರ್‌ಪಂಕ್ ತರಹದ ಭಾರೀ ಗೇಮನ್ನು ಎಲ್ಲಾ ಸೆಟ್ಟಿಂಗ್ ಏರಿಸಿ ಆಡಬೇಕು ಅಂದರೆ ಇದು ಸಾಲದು, ಅದನ್ನು ಈಗಲೇ ಹೇಳಿಬಿಡುತ್ತೇನೆ.

ಓದಿನ ವಿಷಯದಲ್ಲಿ ಭಯ ಬೇಡ. ಸಿ, ಪೈಥಾನ್, ಜಾವಾ, ಡೇಟಾಬೇಸು, ವೆಬ್ಬು ಇದ್ಯಾವುದಕ್ಕೂ ಗ್ರಾಫಿಕ್ಸ್ ಕಾರ್ಡ್ ಬೇಡ. ಆಂಡ್ರಾಯ್ಡ್ ಸ್ಟುಡಿಯೋಗೆ ಬೇಕಾಗುವುದು ರ‍್ಯಾಮು. 16 ಜಿಬಿಗಿಂತ ಕಡಿಮೆ ತಗೊಳ್ಳಲೇಬೇಡಿ, ಯಾಕೆಂದರೆ ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಹೆಚ್ಚಾಗಿ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಆಮೇಲೆ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋಗಿ ಏರಿಸೋಣ ಅಂದರೆ ಆಗುವುದಿಲ್ಲ. ಈ ಒಂದು ವಿಷಯದಲ್ಲಿ ಗೇಮಿಂಗ್ ಲ್ಯಾಪ್‌ಟಾಪೇ ಮೇಲು, ಸಾಮಾನ್ಯವಾಗಿ ಎರಡು ಸ್ಲಾಟ್ ಇರುತ್ತದೆ. ಮುಂದೆ ಮಷಿನ್ ಲರ್ನಿಂಗ್ ಮಾಡಬೇಕು, ಅದಕ್ಕೆ ಎನ್‌ವಿಡಿಯಾನೇ ಬೇಕು ಅಂತ ನಿಮ್ಮ ಗೆಳೆಯರು ಹೇಳಿದ್ದಾರಲ್ಲ, ಆ ಕೆಲಸಕ್ಕೆ ಹೆಚ್ಚಾಗಿ ಎನ್‌ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡಿನಲ್ಲಿ ಓಡುವ CUDA ಸಾಫ್ಟ್‌ವೇರ್ ಬೇಕು ಅನ್ನುವುದು ನಿಜ. ಆದರೆ ಗೂಗಲ್ ಕೊಲ್ಯಾಬ್‌ನಲ್ಲಿ 16 ಜಿಬಿ ಮೆಮೊರಿಯ ಟಿ4 ಗ್ರಾಫಿಕ್ಸ್ ಕಾರ್ಡ್ ಇಂಟರ್ನೆಟ್ ಮೂಲಕ ಪುಕ್ಕಟೆ ಸಿಗುತ್ತದೆ, ಸಮಯದ ಮಿತಿ ಇದೆ ಅಷ್ಟೇ. ಲ್ಯಾಪ್‌ಟಾಪಿನ 4050ರಲ್ಲಿ ಇರುವುದು 6 ಜಿಬಿ. ನನ್ನ ಕೊನೇ ವರ್ಷದ ಪ್ರಾಜೆಕ್ಟಿನ ಮಾಡೆಲ್ ನನ್ನ ಗೇಮಿಂಗ್ ಲ್ಯಾಪ್‌ಟಾಪಿನ 4 ಜಿಬಿಯಲ್ಲಿ ಹಿಡಿಯಲೇ ಇಲ್ಲ, ಕೊಲ್ಯಾಬಿನಲ್ಲೇ ಟ್ರೇನ್ ಮಾಡಿದೆ.

ಗೇಮಿಂಗ್ ಲ್ಯಾಪ್‌ಟಾಪೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನನ್ನ ಪಿಜಿಯ ರೂಂಮೇಟ್ ಆರ್ಕಿಟೆಕ್ಚರ್ ಓದುತ್ತಿದ್ದ. ಅವನಿಗೆ ಕಟ್ಟಡದ 3ಡಿ ಚಿತ್ರ ಮಾಡುವ ಲೂಮಿಯನ್ ಸಾಫ್ಟ್‌ವೇರ್ ಬೇಕು, ಅದಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕು. ಅವನ ಲ್ಯಾಪ್‌ಟಾಪ್ ಐದು ವರ್ಷ ಒಂದೇ ಟೇಬಲ್ ಮೇಲೆ ಇತ್ತು, ಹಿಂದೆ ಎರಡು ಮರದ ತುಂಡು ಕೊಟ್ಟು ಎತ್ತರಿಸಿದ್ದ, ಗಾಳಿಯಾಡಲಿ ಅಂತ. ರಾತ್ರಿಯೆಲ್ಲ ಚಿತ್ರ ತಯಾರಾಗಲಿ ಅಂತ ರೆಂಡರ್ ಹಾಕಿ ಮಲಗುತ್ತಿದ್ದ. ಫ್ಯಾನಿನ ಸದ್ದು ಮಿಕ್ಸಿ ಹಾಗೆ, ಪಾಪ, ಮೇಲೆ ಟವೆಲ್ ಹಾಕಬೇಡ ಅಂತ ನನಗೆ ದಿನಾ ಹೇಳುತ್ತಿದ್ದ. ಅವನಿಗೆ ಅದು ಸರಿಯಾದ ಸಾಮಾನು. ನೀವೂ ಬ್ಲೆಂಡರ್ ತರಹದ 3ಡಿ ಸಾಫ್ಟ್‌ವೇರು, ವಿಡಿಯೋ ಎಡಿಟಿಂಗು ಅಂತ ದಿನಾ ಕೂರುವವರಾದರೆ ನನ್ನ ಮಾತು ಬಿಟ್ಟುಬಿಡಿ.

ಎರಡೂ ಒಂದರಲ್ಲೇ ಸಿಗಲ್ವಾ ಅಂತ ಕೇಳಬಹುದು. ಸಿಗುತ್ತದೆ. ಏಸುಸ್ ಜೆಫಿರಸ್ ಜಿ14ರ 2024ರ ಮಾಡೆಲ್ ಒಂದೂವರೆ ಕಿಲೋ, ಒಳಗೆ 4060. ಆದರೆ ಬೆಲೆ ಲಕ್ಷದ ಮೇಲೆ. ಅಪ್ಪನ ಹತ್ತಿರ ಇನ್ನೂ ದುಡ್ಡು ಕೇಳುವಷ್ಟು ಅದು ಮುಖ್ಯ ಅಂತ ನನಗೆ ಅನಿಸುವುದಿಲ್ಲ. ಮ್ಯಾಕ್‌ಬುಕ್ ಏರ್ ಕೂಡ ಚೆನ್ನಾಗಿದೆ, 13 ಇಂಚಿನದ್ದು ಸುಮಾರು 1.24 ಕಿಲೋ, ಫ್ಯಾನೇ ಇಲ್ಲ, ಬ್ಯಾಟರಿ ಇಡೀ ದಿನ. ಆದರೆ ಅದರಲ್ಲಿ ವ್ಯಾಲರಂಟ್ ಓಡುವುದಿಲ್ಲ, ಹಾಗಾಗಿ ನಿಮಗೆ ಬೇಡ.

ನಾನಾದರೆ ಹೀಗೆ ಮಾಡುತ್ತಿದ್ದೆ. 14 ಇಂಚು, 1.4 ಕಿಲೋ ಒಳಗೆ, 16 ಜಿಬಿ, 512 ಜಿಬಿ ಎಸ್‌ಎಸ್‌ಡಿ, ಟೈಪ್-ಸಿಯಲ್ಲೇ ಚಾರ್ಜ್ ಆಗಬೇಕು. ಈ ಟೈಪ್-ಸಿ ವಿಷಯದಲ್ಲಿ ಮಾತ್ರ ರಾಜಿ ಬೇಡ. ಅಂಗೈಯಲ್ಲಿ ಹಿಡಿಯುವ 65 ವಾಟಿನ ಒಂದೇ ಚಾರ್ಜರ್ ಫೋನಿಗೂ ಲ್ಯಾಪ್‌ಟಾಪಿಗೂ ಆಗುತ್ತದೆ, ಮರೆತು ಹೋದರೆ ಪಕ್ಕದವರದ್ದು ಕೇಳಬಹುದು. 80 ಸಾವಿರ ಪೂರ್ತಿ ಖರ್ಚು ಮಾಡದೆ ಉಳಿದದ್ದನ್ನು ಎತ್ತಿಡಿ. ಎರಡು ವರ್ಷ ಆದಮೇಲೂ ದೊಡ್ಡ ಗೇಮಿನ ಆಸೆ ಹಾಗೇ ಇದ್ದರೆ ಇಂಟರ್ನ್‌ಶಿಪ್ ದುಡ್ಡನ್ನೂ ಸೇರಿಸಿ ಎಸ್‌ಪಿ ರೋಡಿನಲ್ಲಿ ಒಂದು ಡೆಸ್ಕ್‌ಟಾಪ್ ಜೋಡಿಸಿಕೊಂಡು ಮನೆಯಲ್ಲಿ ಇಡಿ. ಅಷ್ಟೇ ದುಡ್ಡಿಗೆ ಲ್ಯಾಪ್‌ಟಾಪಿಗಿಂತ ಜಾಸ್ತಿ ಶಕ್ತಿ ಸಿಗುತ್ತದೆ, ಬಿಸಿಯೂ ಕಡಿಮೆ.

ಅಂಗಡಿಗೆ ಹೋಗುವಾಗ ಕಾಲೇಜಿಗೆ ಒಯ್ಯುವ ಬ್ಯಾಗನ್ನೇ ತಗೊಂಡು ಹೋಗಿ, ಪುಸ್ತಕ, ನೀರಿನ ಬಾಟಲಿ ಎಲ್ಲ ಹಾಕಿ. ಡಿಸ್‌ಪ್ಲೇಗೆ ಇಟ್ಟದ್ದನ್ನು ಚಾರ್ಜರ್ ಸಮೇತ ಕೊಡಿ ಅಂತ ಕೇಳಿ, ಬ್ಯಾಗಿಗೆ ಹಾಕಿ ಹೆಗಲಿಗೆ ಏರಿಸಿ, ಹತ್ತು ನಿಮಿಷ ಹಾಗೇ ನಿಂತು ಉಳಿದ ಮಾಡೆಲ್‌ಗಳನ್ನು ನೋಡಿ. ಸಂಕೋಚ ಬೇಡ. ಯಾವ ಮಾಡೆಲ್ ಅಂತ ಎರಡು ಮೂರು ಆರಿಸಿದ ಮೇಲೆ ಇಲ್ಲೇ ಹಾಕಿ, ಸ್ಕ್ರೀನು ಮತ್ತು ರ‍್ಯಾಮಿನ ವಿವರ ನಾನು ನೋಡಿ ಹೇಳುತ್ತೇನೆ.