ಹಳದಿ ರೆಕ್ಕೆಯಲ್ಲಿ ಕಪ್ಪು ಚುಕ್ಕೆ ಇದ್ದರೆ?

ಪ್ರಶ್ನೆ: ನಮ್ಮದು ಮಲೆನಾಡು. ಬೆಳಿಗ್ಗೆ ಕೇಪಳದ ಹೂವಿಗೆ ಅಂಗೈಗಿಂತ ದೊಡ್ಡದಾದ ಎರಡು ಚಿಟ್ಟೆ ಬರುತ್ತವೆ. ಎರಡಕ್ಕೂ ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಹಳದಿ. ಆದರೆ ಒಂದಕ್ಕೆ ಹಳದಿ ಮೇಲೆ ದೊಡ್ಡ ಕಪ್ಪು ಚುಕ್ಕೆಗಳಿವೆ. ಇವು ಬೇರೆ ಬೇರೆ ಜಾತಿನಾ?

ಉತ್ತರ: ಅಲ್ಲ, ಎರಡೂ ಒಂದೇ. ಚುಕ್ಕೆ ಇರುವುದು ಹೆಣ್ಣು, ಇಲ್ಲದ್ದು ಗಂಡು. ಇದು ಸದರ್ನ್ ಬರ್ಡ್‌ವಿಂಗ್, ನಮ್ಮ ಕರ್ನಾಟಕದ ರಾಜ್ಯ ಚಿಟ್ಟೆ. ಮೈಮೇಲಿನ ಕೆಂಪು, ರೆಕ್ಕೆಯ ಹಳದಿ ನೋಡಿದರೆ ಬಾವುಟ ನೆನಪಾಗುತ್ತದೆ ಅಲ್ವಾ?

ಒಂದು ವಿಷಯ ಗಮನಿಸಿ. ಹಿಂದಿನ ರೆಕ್ಕೆಯ ಅಂಚಿನಲ್ಲಿ ಗಂಡಿಗೂ ಕಪ್ಪು ಇರುತ್ತದೆ, ಅದನ್ನೇ ಚುಕ್ಕೆ ಅಂದುಕೊಂಡು ತುಂಬಾ ಜನ ತಪ್ಪು ಮಾಡುತ್ತಾರೆ. ಅಂಚಿನಿಂದ ಒಳಗೆ, ಹಳದಿಯಲ್ಲೇ ಇನ್ನೊಂದು ಸಾಲು ಚುಕ್ಕೆ ಕಂಡರೆ ಮಾತ್ರ ಹೆಣ್ಣು. ಹೂವಿನ ಮೇಲಿದ್ದಾಗಲೇ ನೋಡಿ. ರಸ ಹೀರುವಾಗ ಮುಂದಿನ ರೆಕ್ಕೆ ಪಟಪಟ ಅಂತ ಬಡಿಯುತ್ತಲೇ ಇರುತ್ತದೆ, ಹಿಂದಿನದು ಹೆಚ್ಚು ಅಲುಗಾಡುವುದಿಲ್ಲ, ಹಾಗಾಗಿ ಗುರುತು ಹಿಡಿಯುವುದು ಸುಲಭ.

ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರ್ ಅಗಲ. ಹೆಣ್ಣೇ ದೊಡ್ಡದು. 1932ರಲ್ಲಿ ದಾಖಲಾದ 19 ಸೆಂ.ಮೀ.ನ ಒಂದು ಸದರ್ನ್ ಬರ್ಡ್‌ವಿಂಗ್ ದೇಶದಲ್ಲೇ ದೊಡ್ಡದು ಅನ್ನಿಸಿಕೊಂಡಿತ್ತು. 2020ರಲ್ಲಿ ಉತ್ತರಾಖಂಡದ ಗೋಲ್ಡನ್ ಬರ್ಡ್‌ವಿಂಗ್ ಹೆಣ್ಣೊಂದು 19.4 ಸೆಂ.ಮೀ. ಬಂದು ಅದನ್ನು ಹಿಂದೆ ಹಾಕಿತು. ಆದರೆ ಅದು ಹಿಮಾಲಯದ ಕಡೆಯದು, ನಿಮ್ಮ ತೋಟಕ್ಕೆ ಬರುವುದು ದಕ್ಷಿಣ ಭಾರತ ಬಿಟ್ಟು ಬೇರೆಲ್ಲೂ ಇಲ್ಲ.

ಇಷ್ಟು ದೊಡ್ಡ ಚಿಟ್ಟೆ, ಇಷ್ಟು ಎದ್ದು ಕಾಣುವ ಬಣ್ಣ, ಹಾರುವುದೂ ನಿಧಾನ, ಆದರೂ ಹಕ್ಕಿಗಳು ಹಿಡಿಯುವುದು ಕಡಿಮೆ. ಕಾರಣ ಈಶ್ವರಿ ಬಳ್ಳಿ. ಮರಿಹುಳು ತಿನ್ನುವುದು ಆ ಬಳ್ಳಿ ಮತ್ತು ಅದರ ಹತ್ತಿರದ ಸಂಬಂಧಿ ಗಿಡಗಳ ಎಲೆಯನ್ನೇ. ಎಲೆಯ ವಿಷ ಹುಳುವಿನ ಮೈಯಲ್ಲಿ ಸೇರಿ ಚಿಟ್ಟೆಯಾದ ಮೇಲೂ ಉಳಿಯುತ್ತದೆ, ಆ ಬಣ್ಣವೇ ಹಕ್ಕಿಗೆ ಎಚ್ಚರಿಕೆ.

ಬೇಲಿ ಸವರುವಾಗ ಈಶ್ವರಿ ಬಳ್ಳಿಯನ್ನು ದಯವಿಟ್ಟು ಕಡಿಯಬೇಡಿ. ಎಲೆಯ ಅಡಿ ಕಪ್ಪುಗೆಂಪು ಬಣ್ಣದ, ಮೈತುಂಬ ಮೆತ್ತನೆ ಮುಳ್ಳಿನಂಥ ಗುಬುಟುಗಳಿರುವ, ಪಕ್ಕದಲ್ಲಿ ಒಂದು ಓರೆ ಬಿಳಿ ಪಟ್ಟಿಯಿರುವ ಹುಳು ಕಂಡರೆ ಸುಮ್ನೆ ಬಿಟ್ಟುಬಿಡಿ. ನಿಮ್ಮ ಕೇಪಳಕ್ಕೆ ಮುಂದೆ ಬರುವ ಚಿಟ್ಟೆ ಅದೇ.