ಮಸ್ಸೂರಿಯ ಎರಡು ಮರಳುಗಲ್ಲು, ಜಿರ್ಕಾನ್ ವಯಸ್ಸು ಬೇರೆ ಬೇರೆ: ಪ್ರತಿಕ್ರಿಯೆ

ಮಸ್ಸೂರಿಯ ಎರಡು ಬೆಟ್ಟಗಳ ಮರಳುಗಲ್ಲಿನಲ್ಲಿ ಅತಿ ಕಿರಿಯ ಜಿರ್ಕಾನ್‌ಗಳ (ವಯಸ್ಸು ಅಳೆಯಬಹುದಾದ ಪುಟ್ಟ ಖನಿಜ ಹರಳು) ವಯಸ್ಸು ಒಂದಕ್ಕೊಂದು ಹೊಂದುತ್ತಿಲ್ಲ, ಹಾಗಾದರೆ ಪದರವೂ ಬೇರೆಯೇ ಅಂತ ಕೇಳಿದ್ದೀರಿ. ಬಹುಶಃ ಹರಳಿನ ವಯಸ್ಸನ್ನೇ ಪದರದ ವಯಸ್ಸು ಅಂದುಕೊಂಡಿದ್ದೀರಿ. ನಮ್ಮ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಅದು ಸವೆದು ಇವತ್ತು ಕೆರೆಗೆ ಬಿದ್ದ ಮರಳಿನ ಜಿರ್ಕಾನೂ 300 ಕೋಟಿ ಅಂತಲೇ ತೋರಿಸುತ್ತದೆ, ಅಲ್ವಾ? ಪದರ ಹರಳಿಗಿಂತ ಹಳೆಯದಲ್ಲ, ಅಷ್ಟೇ ಗೊತ್ತಾಗುವುದು.

ಮೊದಲು ಒಂಟಿ ಹರಳನ್ನು ಬಿಡಿ. ಹರಳಿನೊಳಗಿನ ಯುರೇನಿಯಂ ನಿಧಾನಕ್ಕೆ ಸೀಸವಾಗುತ್ತದೆ, ವಯಸ್ಸು ಲೆಕ್ಕ ಹಾಕುವುದು ಅದರಿಂದಲೇ; ಆ ಸೀಸ ಸೋರಿದ್ದರೆ ವಯಸ್ಸು ಕಡಿಮೆ ಬರುತ್ತದೆ. ಕನಿಷ್ಠ ಮೂರು ಹರಳುಗಳ ವಯಸ್ಸು ಒಂದಕ್ಕೊಂದು ಹೊಂದಬೇಕು. ಆಮೇಲೆ ಎರಡೂ ಕಡೆಯ ಹರಳುಗಳ ವಯಸ್ಸಿನ ಗ್ರಾಫ್ ಒಂದರ ಕೆಳಗೊಂದು ಇಟ್ಟು ಎಲ್ಲ ಏರಿಳಿತ ಹೋಲಿಸಿ, ಮರಳು ಒಂದೇ ಮೂಲದಿಂದ ಬಂದಿರಬಹುದೇ ಅಂತ ನೋಡಬಹುದು. ಕೊನೆಗೆ ಟ್ರೈಲೋಬೈಟ್ (ಅಳಿದುಹೋದ ಸಮುದ್ರಜೀವಿ) ಪಳೆಯುಳಿಕೆ ಹುಡುಕಿ, ಅಲ್ಲಿನ ತಾಲ್ ಎಂಬ ಶಿಲಾಪದರಗಳಲ್ಲಿ ಸಿಕ್ಕಿವೆ. ಎರಡೂ ಕಡೆ ಒಂದೇ ಜಾತಿ ಸಿಕ್ಕರೆ ಕಾಲವೂ ಹೆಚ್ಚುಕಡಿಮೆ ಒಂದೇ. ಸಿಗದಿದ್ದರೆ ಜಿರ್ಕಾನ್ ಒಂದನ್ನೇ ನಂಬಿ ಗಟ್ಟಿಯಾಗಿ ಹೇಳೋಕಾಗಲ್ಲ.