ಮನೆಯಲ್ಲಿ ಬಿಯರ್ ಮಾಡುವಾಗ ಲೀಟರ್ ಲೆಕ್ಕವನ್ನು ತಕ್ಕಡಿಯಲ್ಲಿ ನೋಡಬಹುದೇ?

ಪಾತ್ರೆಗೆ ಅಳತೆಯ ಗಾಜಿನ ಕೊಳವೆ ಹಾಕಿಸಲೋ, ತಕ್ಕಡಿ ಮೇಲೆ ಇಡಲೋ, ಹೇಗೂ ಒಂದು ಕೆಜಿ ಅಂದರೆ ಒಂದು ಲೀಟರ್ ತಾನೇ ಅಂತ ಕೇಳಿದ್ದೀರಿ. ಆ ‘ತಾನೇ’ ನಂಬಿ ನಾನು ಒಂದು ಇಡೀ ಬ್ಯಾಚ್ ಕಳೆದುಕೊಂಡಿದ್ದೇನೆ.

ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಮನೆಬಳಕೆಗೆ ಬಿಯರ್ ಮಾಡಲು ಇಲ್ಲಿ 1963ರಿಂದ ಲೈಸೆನ್ಸ್ ಬೇಕಿಲ್ಲ. ಬಿಸಿ ಮಾಡುವ ಕಾಯಿಲ್ ಒಳಗೇ ಇರುವ ಸ್ಟೀಲ್ ಪಾತ್ರೆ, ಅದರಡಿ ಮರದ ಹಲಗೆ, ಹಲಗೆಯಡಿ 50 ಕೆಜಿಯ ಡಿಜಿಟಲ್ ತಕ್ಕಡಿ. ಖಾಲಿ ಪಾತ್ರೆ ಇಟ್ಟು ಸೊನ್ನೆ ಮಾಡಿ ನೀರು ಸುರಿಯುತ್ತಿದ್ದೆ. ನೀರಿಗೆ ನಿಮ್ಮ ಲೆಕ್ಕ ಸರಿ: 20 ಡಿಗ್ರಿಯಲ್ಲಿ ಲೀಟರಿಗೆ 998 ಗ್ರಾಂ.

ಅವತ್ತು ಬಾರ್ಲಿವೈನ್ (ತುಂಬಾ ಸ್ಟ್ರಾಂಗ್ ಬಿಯರ್) ಮಾಡುತ್ತಿದ್ದೆ. ಕುದಿ ಮುಗಿದಾಗ 20 ಲೀಟರ್ ವರ್ಟ್ (ಮಾಲ್ಟಿನ ಸಿಹಿನೀರು) ಉಳಿಯಬೇಕು, ಗ್ರಾವಿಟಿ (ನೀರಿಗೆ ಹೋಲಿಸಿದರೆ ಎಷ್ಟು ಪಟ್ಟು ಭಾರ ಅನ್ನುವ ಅಂಕಿ) 1.100 ಬರಬೇಕು. ಹಾಪ್ಸ್ (ಕಹಿ ಕೊಡುವ ಹೂವು) ಹಾಕಿ ಒಂದು ಗಂಟೆ ಕುದಿಸಿದೆ. ತಕ್ಕಡಿ 22 ತೋರಿಸಿತು. ಇನ್ನೂ ಎರಡು ಲೀಟರ್ ಜಾಸ್ತಿ ಇದೆ ಅಂದುಕೊಂಡು, 20 ಬರುವ ತನಕ ಮತ್ತೆ ಮುಕ್ಕಾಲು ಗಂಟೆ ಕುದಿಸಿದೆ. ತಪ್ಪಾಗಿದ್ದು ಇಲ್ಲೇ. ಗ್ರಾವಿಟಿ 1.100 ಅಂದರೆ ಒಂದೊಂದು ಲೀಟರೂ ಒಂದು ಕೆಜಿ ನೂರು ಗ್ರಾಂ ತೂಗುತ್ತದೆ. 22 ಕೆಜಿ ಇದ್ದಾಗಲೇ ನನ್ನ 20 ಲೀಟರ್ ತಯಾರಾಗಿತ್ತು! ನಾನು ಕುದಿಸಿ ಹೊರಹಾಕಿದ್ದು ಬರೀ ನೀರು, ಸಕ್ಕರೆಯೆಲ್ಲ ಒಳಗೇ ಉಳಿಯಿತು. ಉಳಿದದ್ದು 18 ಲೀಟರ್, ಗ್ರಾವಿಟಿ 1.111. ಗ್ರಾವಿಟಿ ಅಳೆಯುವ ಹೈಡ್ರೋಮೀಟರ್ ಡ್ರಾಯರಿನಲ್ಲೇ ಇತ್ತು, ಆರಿದ ಮೇಲೆ ನೋಡಿದರಾಯಿತು ಅಂತ ಬಿಟ್ಟಿದ್ದೆ. ಯೀಸ್ಟ್ ಸಕ್ಕರೆ ತಿಂದಷ್ಟೂ ಗ್ರಾವಿಟಿ ಇಳಿಯಬೇಕು, ಆದರೆ ಯೀಸ್ಟ್ 1.045ಕ್ಕೆ ನಿಂತೇಹೋಯಿತು. ಆರು ತಿಂಗಳ ಮೇಲೆ ಬಾಟಲಿ ತೆರೆದರೆ ಜೋನಿಬೆಲ್ಲಕ್ಕೆ ಹಾಗಲಕಾಯಿ ಹಿಂಡಿದ ಹಾಗಿತ್ತು. ಲೋಟ ಎತ್ತಿದ ಜಾಗದಲ್ಲಿ ಮೇಜಿನ ಮೇಲೆ ಅಂಟಂಟು ಉಂಗುರ. ಹತ್ತಿರ ಹತ್ತಿರ ಐವತ್ತು ಬಾಟಲಿ ಸಿಂಕಿಗೆ ಸುರಿದೆ.

ಊರಿನ ಎಣ್ಣೆ ಪ್ಯಾಕೆಟ್ ನೆನಪಿಸಿಕೊಳ್ಳಿ, 1 ಲೀಟರ್ ಪಕ್ಕದಲ್ಲೇ 910 ಗ್ರಾಂ ಅಂತ ಇರುತ್ತದೆ. ಜೇನಾದರೆ ಲೀಟರಿಗೆ ಸುಮಾರು 1.4 ಕೆಜಿ. ಡೈರಿಯಲ್ಲಿ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು ನೋಡುವುದೂ ಇದನ್ನೇ.

ಹಾಗಂತ ಕೊಳವೆಗೆ ದುಡ್ಡು ಹಾಕಬೇಡಿ. ಕುದಿಯುವ ನೀರು ಶೇಕಡಾ 4ರಷ್ಟು ಉಬ್ಬಿರುತ್ತದೆ, ತಣ್ಣಗಿನ 20 ಲೀಟರ್ ಅಲ್ಲಿ 20.8ರ ಗೆರೆ ಮುಟ್ಟುತ್ತದೆ. ತೂಕಕ್ಕೆ ಬಿಸಿ ತಣ್ಣಗೆ ಇಲ್ಲ. ಕೊಳವೆಯೋ ತಕ್ಕಡಿಯೋ ಅನ್ನುವ ಪ್ರಶ್ನೆಯನ್ನೇ ಬಿಡಿ, ತಕ್ಕಡಿ ಮತ್ತು ಹೈಡ್ರೋಮೀಟರ್ ಎರಡೂ ಬೇಕು. ಕುದಿ ಮುಗಿಯುವ ಹತ್ತು ನಿಮಿಷ ಮೊದಲು ಸ್ವಲ್ಪ ವರ್ಟ್ ತೆಗೆದು 20 ಡಿಗ್ರಿಗೆ ಆರಿಸಿ ಗ್ರಾವಿಟಿ ನೋಡಿ, ತಕ್ಕಡಿಯ ಅಂಕಿಯನ್ನು ಅದರಿಂದ ಭಾಗಿಸಿ. ಬಂದದ್ದು ನಿಮ್ಮ ಲೀಟರ್.

ತೂಕ ಓದುವಾಗ ವರ್ಟ್ ಆರಿಸುವ ಕೂಲರಿನ ಪೈಪು ನಲ್ಲಿಗೆ ಎಳೆದುಕೊಂಡಿರದ ಹಾಗೆ ನೋಡಿಕೊಳ್ಳಿ. ಪೈಪು ಜಗ್ಗಿದರೂ ಅಂಕಿ ಬದಲಾಗುತ್ತದೆ.